ಹಾಡು ದೇವರಿಗೆ, ದುಡ್ಡು ಯಾರಿಗೆ?

ಆ ಹುಡುಗರಿಗೆ ಬೇಕಿದ್ದದ್ದು ವಾಷಿಂಗ್ಟನ್‌ಗೆ ಹೋಗಿಬರುವ ಖರ್ಚು, ಅಷ್ಟೇ.

ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್, ಬರ್ಕ್ಲಿ ಕಡೆಯ ಆಫ್ರಿಕನ್ ಅಮೆರಿಕನ್ ಕ್ರೈಸ್ತ ಸಭೆಗಳಿಂದ, ಅಂದರೆ ಚರ್ಚುಗಳಿಂದ, ಕೂಡಿದ ಸುಮಾರು 50 ಜನರ ಯುವ ಕ್ವಾಯರ್, ಅಂದರೆ ಗಾಯನವೃಂದ, ಅದು. 1967ರಲ್ಲಿ ಎಡ್ವಿನ್ ಹಾಕಿನ್ಸ್ ಮತ್ತು ಬೆಟ್ಟಿ ವಾಟ್ಸನ್ ಸೇರಿ ಕಟ್ಟಿದ್ದು. ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಎಂಬ ಪೆಂಟೆಕೋಸ್ಟಲ್ ಪಂಗಡದ ಮಕ್ಕಳು. ಪಂಗಡದ ಯುವಜನ ಸಮ್ಮೇಳನಕ್ಕೆ ಹೋಗಬೇಕು, ಕೈಯಲ್ಲಿ ಕಾಸಿಲ್ಲ. ನಮ್ಮಲ್ಲಾದರೆ ಕ್ಯಾಲೆಂಡರ್ ಮಾರುತ್ತಾರೆ, ಕೇಕ್ ಮಾರುತ್ತಾರೆ. ಇವರು ಬರ್ಕ್ಲಿಯ ಎಫೀಸಿಯನ್ ಚರ್ಚಿನೊಳಗೇ ನಿಂತು ಹಾಡಿ ಒಂದು ಎಲ್‌ಪಿ (ಹಲವು ಹಾಡುಗಳ ಗ್ರಾಮಫೋನ್ ತಟ್ಟೆ) ರೆಕಾರ್ಡ್ ಮಾಡಿಸಿದರು. 500 ಪ್ರತಿ ಖರ್ಚಾದರೆ ಸಾಕು ಎಂಬ ಲೆಕ್ಕಾಚಾರ.

1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಎಸ್‌ಎಎನ್ ರೇಡಿಯೋದವರು ಆ ಎಲ್‌ಪಿಯಿಂದ 'ಓ ಹ್ಯಾಪಿ ಡೇ' ಹಾಡನ್ನು ಹಾಕಿದರು. ಹಾಕುತ್ತಲೇ ಹೋದರು. ಬುದ್ಧ ರೆಕಾರ್ಡ್ಸ್ ಎಂಬ ಪಕ್ಕಾ ಪಾಪ್ ಕಂಪನಿ ಅದನ್ನು ಎತ್ತಿಕೊಂಡಿತು. ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ, ಬ್ರಿಟನ್‌ನಲ್ಲಿ 2ನೇ ಸ್ಥಾನಕ್ಕೆ ಬಂತು. ಒಟ್ಟು 70 ಲಕ್ಷ ಪ್ರತಿ ಮಾರಾಟವಾಯಿತು ಅಂತ ಹೇಳುತ್ತಾರೆ. ಗ್ರ್ಯಾಮಿಯೂ ಬಂತು.

ಈಗ ಹೆಸರು ನೋಡಿ. ಮೊದಲು 'ನಾರ್ದರ್ನ್ ಕ್ಯಾಲಿಫೋರ್ನಿಯಾ ಸ್ಟೇಟ್ ಯೂತ್ ಕ್ವಾಯರ್' ಅಂತ ಇದ್ದದ್ದು 'ಎಡ್ವಿನ್ ಹಾಕಿನ್ಸ್ ಸಿಂಗರ್ಸ್' ಆಯಿತು. ಪ್ರಾಂತ್ಯದ ಸಭೆಗಳಿಗೆಲ್ಲ ಸೇರಿದ್ದ ಹೆಸರು ಹೋಗಿ ಒಬ್ಬ ಮನುಷ್ಯನ ಹೆಸರು ಬಂತು. ಮುಖ್ಯ ದನಿಯಾಗಿದ್ದ ಡೊರೊಥಿ ಮಾರಿಸನ್ ಸ್ವಲ್ಪ ದಿನದಲ್ಲೇ ತಮ್ಮದೇ ದಾರಿ ಹಿಡಿದರು. ದೇವರ ಹಾಡು ಕ್ಲಬ್ಬಿನಲ್ಲಿ, ರಾಕ್ ಸ್ಟೇಷನ್ನಿನಲ್ಲಿ ಯಾಕೆ ಕೇಳಿಸುತ್ತಿದೆ ಅಂತ ಸಭೆಯವರು ಮುಖ ಗಂಟಿಕ್ಕಿದರು.

ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ ಹಾಡುವ ತಂಡಗಳ ಪಾಡೇ ಇದು. ಅದು ಸೇವೆ. ಹೊಟ್ಟೆಪಾಡೂ ಹೌದು. ಮೇಲೆ ಸಭೆಯ ಕಣ್ಣು ಬೇರೆ. ಈ ಮೂರೂ ಒಂದೇ ವ್ಯಾನಿನಲ್ಲಿ ಕೂತು ಪ್ರಯಾಣ ಮಾಡುತ್ತವೆ. ಜಗಳ ಬಂದಾಗ ಎಲ್ಲರೂ 'ದುಡ್ಡು ಬಂದು ಭಕ್ತಿ ಕೆಟ್ಟಿತು' ಅಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದುಡ್ಡು ಬರುವ ಮೊದಲೇ ಕೂತು ಆಡಬೇಕಿದ್ದ ಮಾತನ್ನು ಬಂದ ಮೇಲೆ ಆಡಲು ಹೊರಟಾಗ ತಂಡ ಒಡೆಯುತ್ತದೆ. 500 ಪ್ರತಿಗೆ ಯಾರೂ ಕರಾರು ಬರೆಯುವುದಿಲ್ಲ, ಅಲ್ವಾ? 70 ಲಕ್ಷಕ್ಕೆ ಬರೆಯೋಣ ಅನ್ನುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಮಾತಾಡಬೇಕಾದದ್ದು ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ. ಒಂದು ಹಾಡಿನಿಂದ ಬರುವ ದುಡ್ಡು ಒಂದೇ ಕೊಳವೆಯಲ್ಲಿ ಬರುವುದಿಲ್ಲ. ಹಾಡು ಬರೆದವರ ಹಕ್ಕು ಒಂದು. ಅದನ್ನು ರೆಕಾರ್ಡ್ ಮಾಡಿದ ಟೇಪಿನ ಹಕ್ಕು ಇನ್ನೊಂದು. 'ಓ ಹ್ಯಾಪಿ ಡೇ'ಯ ಮೂಲ 18ನೇ ಶತಮಾನದ ಇಂಗ್ಲಿಷ್ ಕೀರ್ತನೆ, ಫಿಲಿಪ್ ಡಾಡ್ರಿಜ್ ಎಂಬ ಪಾದ್ರಿ ಬರೆದದ್ದು. ಅದರ ಮೇಲೆ ಯಾರ ಹಕ್ಕೂ ಉಳಿದಿರಲಿಲ್ಲ. ಆದರೆ ಹಳೆಯ ಕೀರ್ತನೆಗೆ ಹೊಸ ತಾಳ, ಹೊಸ ನಡೆ ಕೊಟ್ಟರೆ ಆ ಹೊಸ ರೂಪಕ್ಕೆ ಹಕ್ಕು ಹುಟ್ಟುತ್ತದೆ. ಅದು ರೂಪ ಕೊಟ್ಟವನದು. ಆಗಿನ ಅಮೆರಿಕದಲ್ಲಿ ಪ್ರತಿ ರೆಕಾರ್ಡಿಗೆ, ಪ್ರತಿ ಹಾಡಿಗೆ ಕಾನೂನು ಕಟ್ಟಿದ್ದ ದರ 2 ಸೆಂಟ್. 1909ರಿಂದ 1977ರವರೆಗೆ ಅದು ಅಲುಗಾಡಲಿಲ್ಲ. ಆ 2 ಸೆಂಟು ಹಾಡು ಕಟ್ಟಿದವರಿಗೂ ಪ್ರಕಾಶಕರಿಗೂ ಹೋಗುತ್ತದೆ. ಹಿಂದಿನ ಸಾಲಿನಲ್ಲಿ ನಿಂತು ಆಲ್ಟೋ ಹಾಡಿದ ಹುಡುಗಿಗೆ ಅದರಲ್ಲಿ ಪಾಲಿಲ್ಲ. ಟೇಪಿನ ದುಡ್ಡು ಕಂಪನಿಯ ಜೊತೆ ಆದ ಒಪ್ಪಂದದಂತೆ ಬರುತ್ತದೆ. ಒಪ್ಪಂದಕ್ಕೆ ಸಹಿ ಹಾಕಿದವರು ಯಾರು ಎಂಬುದೇ ಅಲ್ಲಿ ಪ್ರಶ್ನೆ.

ಮೂರನೆಯದು ತಂಡದ ಹೆಸರು. ನಾಲ್ಕನೆಯದು ಹಾಡುವವರ ಸಮಯ. ಈ ನಾಲ್ಕನೆಯದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಸೇವೆ ಅಂದಮೇಲೆ ಸಮಯಕ್ಕೆ ಬೆಲೆ ಕಟ್ಟುವುದೇ ತಪ್ಪು ಅನ್ನುವ ಭಾವನೆ.

ಹೆಸರು ಮತ್ತು ಸಮಯ ಎರಡರ ಕಥೆಯೂ ಬೇಕಿದ್ದರೆ ಇನ್ನೂ ನೂರು ವರ್ಷ ಹಿಂದೆ, ಟೆನೆಸಿಯ ನ್ಯಾಶ್‌ವಿಲ್‌ಗೆ ಹೋಗಬೇಕು. ಗುಲಾಮಗಿರಿಯಿಂದ ಬಿಡುಗಡೆಯಾದವರ ಓದಿಗಾಗಿ 1866ರಲ್ಲಿ ಶುರುವಾದ ಫಿಸ್ಕ್ ಶಾಲೆ ಐದೇ ವರ್ಷದಲ್ಲಿ ಮುಚ್ಚುವ ಸ್ಥಿತಿಗೆ ಬಂತು. ಶಾಲೆಯ ಖಜಾಂಚಿ ಜಾರ್ಜ್ ವೈಟ್ ಸಂಗೀತವನ್ನೂ ಕಲಿಸುತ್ತಿದ್ದರು. ಒಂಬತ್ತು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು 1871ರ ಅಕ್ಟೋಬರ್ 6ರಂದು ಹಾಡಿ ದುಡ್ಡೆತ್ತಲು ಹೊರಟರು. ಗಮನಿಸಿ, ಲೆಕ್ಕ ಬರೆಯುವವರೂ ಅವರೇ, ಹಾಡಿಸುವವರೂ ಅವರೇ.

ಅವರನ್ನು ಕಳಿಸಬೇಕಿದ್ದ ಅಮೆರಿಕನ್ ಮಿಷನರಿ ಅಸೋಸಿಯೇಷನ್ ಮೊದಲು ಹಿಂದೇಟು ಹಾಕಿತ್ತು. ಮಕ್ಕಳನ್ನು ಊರೂರು ಹಾಡಿಸಿ ದುಡ್ಡೆತ್ತುವುದು ಮರ್ಯಾದೆಯೇ ಎಂಬ ಅನುಮಾನ. ಸಿನ್ಸಿನಾಟಿಯಲ್ಲಿ 50 ಡಾಲರ್‌ಗೂ ಕಡಿಮೆ ಕೂಡಿತು. ಅದೇ ಹೊತ್ತಿಗೆ ಚಿಕಾಗೋ ನಗರ ಬೆಂಕಿಗೆ ಬಿದ್ದಿತ್ತು. ಇವರು ಆ ದುಡ್ಡನ್ನೂ ಅಲ್ಲಿನ ಸಂತ್ರಸ್ತರಿಗೆ ಕೊಟ್ಟುಬಿಟ್ಟರು. ತಾವೇ ಸಾಲದಲ್ಲಿ ಊರಿಂದೂರಿಗೆ ಅಲೆಯುತ್ತಿದ್ದವರು!

ಒಬರ್ಲಿನ್‌ನಲ್ಲಿ ಕಾಂಗ್ರಿಗೇಷನಲ್ ಸಭೆಗಳ ಮಹಾಸಭೆ ನಡೆದಿತ್ತು. ಅಲ್ಲಿ ತಮ್ಮ ಅಪ್ಪ ಅಮ್ಮಂದಿರು ಹೊಲದಲ್ಲಿ ಹಾಡುತ್ತಿದ್ದ ಹಾಡುಗಳನ್ನು ಹಾಡಿದರು. ಪಾದ್ರಿಗಳು ಸುಮ್ಮನಾಗಿ ಕೇಳಿದರು. ಆಮೇಲೆ ಬ್ರೂಕ್ಲಿನ್‌ನ ಪ್ರಸಿದ್ಧ ಪಾದ್ರಿ ಹೆನ್ರಿ ವಾರ್ಡ್ ಬೀಚರ್ ತಮ್ಮ ಪ್ಲಿಮತ್ ಚರ್ಚಿನ ಬಾಗಿಲು ತೆರೆದರು. ಅಲ್ಲಿಂದ ದಾರಿ ಸಲೀಸಾಯಿತು. ಸಭೆಯ ಉಸ್ತುವಾರಿ ಅಂದರೆ ಬರೀ ಅಂಕುಶ ಅಂದುಕೊಳ್ಳುತ್ತೇವೆ. 'ಇವರು ನಮ್ಮವರು' ಅಂತ ಒಬ್ಬ ಹಿರಿಯ ಪಾದ್ರಿ ಪೀಠದಿಂದ ಹೇಳುವ ಒಂದು ಮಾತಿಗೆ ಎಷ್ಟು ಬೆಲೆ ಇದೆ ಅನ್ನುವುದೂ ಆ ಉಸ್ತುವಾರಿಯ ಲೆಕ್ಕಕ್ಕೇ ಸೇರಬೇಕು.

1873ರಲ್ಲಿ ಬ್ರಿಟನ್‌ಗೆ ಹೋಗಿ ವಿಕ್ಟೋರಿಯಾ ರಾಣಿಯ ಎದುರು ಹಾಡಿದರು. ಬಂದ ದುಡ್ಡಿನಲ್ಲಿ ಜುಬಿಲಿ ಹಾಲ್ ಎದ್ದಿತು. 1876ರಲ್ಲಿ ಮುಗಿದ ಆ ಕಟ್ಟಡ ಇವತ್ತಿಗೂ ಇದೆ. ಇಷ್ಟರ ನಡುವೆ ಹಾಡುವವರ ಗತಿ ಏನಾಯಿತು? ಒಬ್ಬೊಬ್ಬರೇ ಕಾಯಿಲೆ ಬಿದ್ದರು. ಶಾಲೆ ಉಳಿಸಲು ಹೋದ ಹಲವರ ಓದು ಅರ್ಧಕ್ಕೇ ನಿಂತಿತು. ವೈಟ್ ಅವರ ಆರೋಗ್ಯವೂ ಕೆಟ್ಟಿತು. 1878ರಲ್ಲಿ ತಂಡ ಯುರೋಪಿನಲ್ಲೇ ಚದುರಿತು. ಆ ಕಟ್ಟಡದ ಚಿತ್ರ ನೋಡಿದಾಗಲೆಲ್ಲ ನನಗೆ ಹೆಮ್ಮೆಗಿಂತ ಮೊದಲು ಇದು ನೆನಪಾಗುತ್ತದೆ. ಸಂಸ್ಥೆಗೆ ಬೇಕಿದ್ದದ್ದು ಸಂಸ್ಥೆಗೆ ಸಿಕ್ಕಿತು. ಹಾಡಿದವರಿಗೆ ವಿಶ್ರಾಂತಿ ಕೊಡಿ ಅಂತ ಹೇಳುವ ಅಧಿಕಾರ ಯಾರಿಗಿತ್ತು?

ಮುಂದಿನ ವರ್ಷ ವೈಟ್ ಮತ್ತೆ ತಂಡ ಕಟ್ಟಿದರು, ಈ ಸಲ ಶಾಲೆಯ ಹಂಗಿಲ್ಲದೆ. 1882ರಲ್ಲಿ ಅದು ಫ್ರೆಡರಿಕ್ ಲೌಡಿನ್ ಎಂಬ ಗಾಯಕರ ಕೈಗೆ ಬಂತು. ಲೌಡಿನ್ ಹಾಡುಗಾರರಷ್ಟೇ ಅಲ್ಲ, ವ್ಯವಹಾರವೂ ಗೊತ್ತಿದ್ದವರು. 1884ರಿಂದ ಆರು ವರ್ಷ ಜಗತ್ತು ಸುತ್ತಿದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಮ್ಮ ಭಾರತ, ಜಪಾನ್. ಪೋಸ್ಟರ್ ಮೇಲೆ ಆಗಲೂ 'ಫಿಸ್ಕ್ ಜುಬಿಲಿ ಸಿಂಗರ್ಸ್' ಎಂದೇ ಇರುತ್ತಿತ್ತು. ದುಡ್ಡು ಮಾತ್ರ ಫಿಸ್ಕ್‌ಗೆ ಹೋಗುತ್ತಿರಲಿಲ್ಲ. ಇದು ಮೋಸವೇ? ಹೆಸರಿಗೆ ಕಿಮ್ಮತ್ತು ತಂದುಕೊಟ್ಟವರು ಹಾಡಿದವರು. ಹೆಸರು ಇಟ್ಟದ್ದು ಶಾಲೆಯ ಕೆಲಸಕ್ಕೆ. ಎರಡೂ ಕಡೆ ನ್ಯಾಯ ಇದೆ. ನನ್ನನ್ನು ಕೇಳಿದರೆ ಲೌಡಿನ್ ಪರ ಸ್ವಲ್ಪ ಜಾಸ್ತಿ ವಾಲುತ್ತೇನೆ.

ಯಾವ ಪಂಗಡದ ಹುಡುಗರು ಅನ್ನುವುದರ ಮೇಲೂ ಲೆಕ್ಕ ಬದಲಾಗುತ್ತದೆ. ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್‌ನಲ್ಲಿ ಬಿಷಪ್ ಇದ್ದಾರೆ, ಪ್ರಾಂತ್ಯಗಳಿವೆ. ಪ್ರಾಂತ್ಯದ ಹೆಸರಿಟ್ಟುಕೊಂಡ ಕ್ವಾಯರ್ ಬಿಷಪ್ಪರ ಅಧೀನಕ್ಕೆ ಬರುತ್ತದೆ. ಬ್ಯಾಪ್ಟಿಸ್ಟರಲ್ಲಿ ಹಾಗಲ್ಲ, ಪ್ರತಿ ಸಭೆಯೂ ತನಗೆ ತಾನೇ ಯಜಮಾನ. ಇನ್ನು ನಾಲ್ಕೈದು ಗಂಡಸರು ಕಟ್ಟಿಕೊಂಡು ಊರೂರು ತಿರುಗುವ ಕ್ವಾರ್ಟೆಟ್ಟುಗಳು ಬಹುಪಾಲು ಯಾವ ಸಭೆಗೂ ಸೇರಿದವಲ್ಲ. ಸಭೆ ಅವರಿಗೆ ಪ್ರೋಗ್ರಾಂ ಕೊಡುವ ಜಾಗ. ತಂಡದಲ್ಲೇ ಒಬ್ಬ ಮ್ಯಾನೇಜರ್, ಅವರವರಲ್ಲೇ ಹಂಚಿಕೆ.

ಹಾಗಾದರೆ ಅವರನ್ನು ಕೇಳುವವರು ಯಾರು? ಮಾರುಕಟ್ಟೆ. ಸೋಲ್ ಸ್ಟಿರರ್ಸ್ ಎಂಬ ಇಂಥದೇ ಕ್ವಾರ್ಟೆಟ್ಟಿನ ಸ್ಯಾಮ್ ಕುಕ್ ಪಾಸ್ಟರ್ ಮಗ, ಗಾಸ್ಪೆಲ್ ಲೋಕದ ಕಣ್ಮಣಿ. 1956ರಲ್ಲಿ ಒಂದು ಪ್ರೇಮಗೀತೆ ಹಾಡಿ 'ಡೇಲ್ ಕುಕ್' ಎಂಬ ಹೆಸರಲ್ಲಿ ಬಿಟ್ಟರು. ಯಾವ ಬಿಷಪ್ಪರ ಭಯವೂ ಅಲ್ಲ. ಗಾಸ್ಪೆಲ್ ಕೇಳುಗರು ಮುನಿಸಿಕೊಂಡರೆ ರೆಕಾರ್ಡ್ ಮಾರಾಟ ಬೀಳುತ್ತದಲ್ಲ, ಆ ಭಯ. ಆ ದನಿಯನ್ನು ಬಚ್ಚಿಡುವುದು ಸಾಧ್ಯವೇ? ಎಲ್ಲರಿಗೂ ಗೊತ್ತಾಯಿತು. ಮರುವರ್ಷ ಅವರು ತಂಡ ಬಿಟ್ಟು ಪಾಪ್ ಕಡೆ ಹೊರಟೇಬಿಟ್ಟರು.

ಸಭೆಯ ಮುನಿಸು ಎಷ್ಟು ವಿಚಿತ್ರ ಅನ್ನುವುದಕ್ಕೆ ಗಾಯಕಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಅವರ ಮದುವೆ ನೋಡಬೇಕು. ಇವರೂ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್‌ನವರೇ. 1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ಗಿಟಾರ್ ಹಿಡಿದು ದೇವರ ಹಾಡು ಹಾಡಿ ಸಭೆಯವರಿಂದ ಬೈಸಿಕೊಂಡವರು. 1951ರ ಜುಲೈ 3ರಂದು ವಾಷಿಂಗ್ಟನ್‌ನ ಗ್ರಿಫಿತ್ ಸ್ಟೇಡಿಯಂನಲ್ಲಿ ಮದುವೆಯಾದರು. ಟಿಕೆಟ್ ಇಟ್ಟು! 20 ಸಾವಿರಕ್ಕೂ ಹೆಚ್ಚು ಜನ ದುಡ್ಡು ಕೊಟ್ಟು ಬಂದರು. ಮದುವೆ ಮಾಡಿಸಿದ ಪಾದ್ರಿ ಅದೇ ಪಂಗಡದವರು. ಡೆಕ್ಕಾ ಕಂಪನಿ ಮದುವೆಯ ವಿಧಿಯನ್ನೂ ಆಮೇಲಿನ ಕಛೇರಿಯನ್ನೂ ರೆಕಾರ್ಡ್ ಮಾಡಿತು. ಸ್ಟೇಡಿಯಂ ಮೊದಲು ಗೊತ್ತಾಗಿ ಗಂಡು ಆಮೇಲೆ ಗೊತ್ತಾದದ್ದು ಅಂತ ಕಥೆ ಇದೆ. ಗಂಡನೇ ಮುಂದೆ ಮ್ಯಾನೇಜರ್ ಆದರು.

ವ್ಯಾಪಾರ ಅಂದರೆ ಕೆಟ್ಟದ್ದು ಅನ್ನುವವರಿಗೆ ಸ್ಯಾಲಿ ಮಾರ್ಟಿನ್ ಕಥೆ ಹೇಳಬೇಕು. ಗಾಸ್ಪೆಲ್ ಸಂಗೀತದ ಪಿತಾಮಹ ಅಂತ ಕರೆಸಿಕೊಳ್ಳುವ ಥಾಮಸ್ ಡಾರ್ಸಿ ಮೊದಲು 'ಜಾರ್ಜಿಯಾ ಟಾಮ್' ಎಂಬ ಹೆಸರಿನ ಬ್ಲೂಸ್ ಪಿಯಾನೋ ವಾದಕ. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಬರೆದ ಪ್ರಾರ್ಥನಾ ಗೀತೆ ಜಗತ್ತಿಗೆಲ್ಲ ಗೊತ್ತು. ಹಾಡು ಬರೆಯುವುದು ಅವರಿಗೆ ಬರುತ್ತಿತ್ತು, ಮಾರುವುದು ಬರುತ್ತಿರಲಿಲ್ಲ. ಸ್ವರ ಅಚ್ಚುಹಾಕಿದ ಹಾಳೆಗಳನ್ನು ಕೆಲವೇ ಸೆಂಟಿಗೆ ಮಾರಿ, ಬಂದ ಚಿಲ್ಲರೆಯನ್ನು ಎಲ್ಲೋ ಹಾಕಿಡುತ್ತಿದ್ದರು. ಲೆಕ್ಕವಿಲ್ಲ, ಪತ್ರವಿಲ್ಲ. ಅವರ ಕ್ವಾಯರ್ ಸೇರಿದ ಸ್ಯಾಲಿ ಮಾರ್ಟಿನ್ ಇದನ್ನು ನೋಡಿ ತಲೆ ಚಚ್ಚಿಕೊಂಡರು. ಅಂಗಡಿಯ ಲೆಕ್ಕ ತಾವೇ ಹಿಡಿದರು. ಊರೂರಿಗೆ ಹೋಗಿ ಕ್ವಾಯರ್ ಕಟ್ಟಿದರು, ಕಟ್ಟಿದಲ್ಲೆಲ್ಲ ಹಾಳೆ ಮಾರಿದರು. ಸಭೆ ಸಭೆಗೆ ಈ ಸಂಗೀತ ತಲುಪಿದ್ದು ಹೀಗೆ. ಅಂದರೆ ವ್ಯಾಪಾರವೇ ಇಲ್ಲಿ ಸೇವೆಯ ಬಂಡಿ ಎಳೆಯಿತು. ಆದರೂ 1940ರಲ್ಲಿ ಇಬ್ಬರೂ ಬೇರೆಯಾದರು. ಸ್ಯಾಲಿ ಅವರು ಕೆನೆತ್ ಮಾರಿಸ್ ಜೊತೆ ಸೇರಿ ತಮ್ಮದೇ ಪ್ರಕಾಶನ ತೆರೆದರು.

ಲೆಕ್ಕ ಗಟ್ಟಿಯಾಗಿ ಹಿಡಿದರೆ ಸಾಕು ಅಂತಲೂ ಅಲ್ಲ. ಫಿಲಡೆಲ್ಫಿಯಾದ ವಾರ್ಡ್ ಸಿಂಗರ್ಸ್‌ನಲ್ಲಿ ತಾಯಿ ಗರ್ಟ್ರೂಡ್ ವಾರ್ಡ್ ವ್ಯವಹಾರದಲ್ಲಿ ಮಹಾ ಗಟ್ಟಿಗಿತ್ತಿ. ಕಾರು, ಬಟ್ಟೆ, ಕೇಶಾಲಂಕಾರ ಎಲ್ಲ ಜೋರು. ಆದರೆ ಸಂಬಳದ ವಿಷಯಕ್ಕೆ ಬಂದರೆ ಬಿಗಿ. 1958ರಲ್ಲಿ ಮರಿಯನ್ ವಿಲಿಯಮ್ಸ್ ಮತ್ತು ಇತರರು ಹೊರಬಿದ್ದು ಸ್ಟಾರ್ಸ್ ಆಫ್ ಫೇತ್ ಕಟ್ಟಿದರು. ಕೆಳಗಿನ ಹಾಡುಗಾರರ ಬೆವರಿಗೆ ಬೆಲೆ ಕೊಡದ ಲೆಕ್ಕ ಎಷ್ಟು ಚೊಕ್ಕವಾಗಿದ್ದರೂ ಬಾಳುವುದಿಲ್ಲ. ಹೆಸರಾಂತ ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್ ಅವರಂತೂ ಹಾಡುವ ಮೊದಲೇ ದುಡ್ಡು ಎಣಿಸಿ ತೆಗೆದುಕೊಳ್ಳುತ್ತಿದ್ದರು ಅಂತ ಪ್ರಸಿದ್ಧಿ. ದುರಾಸೆ ಅಂದವರುಂಟು. ಎಷ್ಟು ಪ್ರೋಗ್ರಾಂಗಳಲ್ಲಿ ಕೈ ಸುಟ್ಟುಕೊಂಡು ಆ ಪಾಠ ಕಲಿತಿರಬೇಕು ಅಂತ ನಾನು ಯೋಚಿಸುತ್ತೇನೆ.

ಇನ್ನು ಸಭೆ ಬರೀ ನೋಡಿಕೊಳ್ಳುವ ಯಜಮಾನನಲ್ಲ, ಗಿರಾಕಿಯೂ ಹೌದು. ಕೆಲವೊಮ್ಮೆ ಕಾಸು ಕೊಡದ ಗಿರಾಕಿ. 1970ರ ದಶಕದಲ್ಲಿ ಎಫ್‌ಇಎಲ್ ಎಂಬ ಪ್ರಕಾಶನ ಚಿಕಾಗೋದ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯದ ಮೇಲೆ ದಾವೆ ಹೂಡಿತು. ಪುಸ್ತಕ ಕೊಳ್ಳದೆ ಹಾಡುಗಳನ್ನು ಜೆರಾಕ್ಸ್ ಮಾಡಿ ಹಂಚುತ್ತಿದ್ದಾರೆ ಅಂತ ದೂರು. 1984ರಲ್ಲಿ ಜ್ಯೂರಿ 30 ಲಕ್ಷ ಡಾಲರ್‌ಗೂ ಮೀರಿದ ಪರಿಹಾರ ಹೇಳಿತು. ಮೇಲ್ಮನವಿಯಲ್ಲಿ ಅದರ ದೊಡ್ಡ ಭಾಗ ಬಿದ್ದುಹೋಯಿತು. ಆದರೆ ಅಷ್ಟರಲ್ಲಿ ಅಮೆರಿಕದ ಪಾಸ್ಟರುಗಳೆಲ್ಲ ತಮ್ಮ ಜೆರಾಕ್ಸ್ ಮೆಷಿನ್ ಕಡೆ ಹೆದರಿ ನೋಡುವಂತಾಗಿತ್ತು. ಪೋರ್ಟ್‌ಲ್ಯಾಂಡಿನ ಸಭೆಯೊಂದರಲ್ಲಿ ಸಂಗೀತ ನೋಡಿಕೊಳ್ಳುತ್ತಿದ್ದ ಹೊವರ್ಡ್ ರಚಿನ್ಸ್ಕಿ ಒಂದು ದಾರಿ ಹುಡುಕಿದರು. ಸಭೆ ವರ್ಷಕ್ಕೊಮ್ಮೆ ತನ್ನ ಗಾತ್ರಕ್ಕೆ ತಕ್ಕ ಶುಲ್ಕ ಕಟ್ಟುತ್ತದೆ, ಯಾವ ಹಾಡು ನಕಲು ಮಾಡಿದೆವು ಅಂತ ವರದಿ ಕೊಡುತ್ತದೆ, ದುಡ್ಡು ಬರೆದವರಿಗೆ ಹಂಚಿಹೋಗುತ್ತದೆ. 1988ರಲ್ಲಿ ಶುರುವಾದ ಸಿಸಿಎಲ್‌ಐ ಎಂಬ ಪರವಾನಗಿ ಸಂಸ್ಥೆ ಇದೇ. ಇವತ್ತು ಆರಾಧನಾ ಗೀತೆ ಬರೆಯುವವರಿಗೆ ಇದು ದೊಡ್ಡ ಆದಾಯ. ಬರೆದವರು ಸಭೆಯ ಸಂಬಳದಲ್ಲಿರುವ ಗಾಯಕರಾದರೆ? ಆ ಹಾಡು ಅವರದೋ, ಸಭೆಯದೋ? ನೌಕರಿಯ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಯಜಮಾನರಿಗೆ ಸೇರುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ. ನಮ್ಮ ಕಾನೂನಿನಲ್ಲೂ ಹಾಗೇ. ಭಾನುವಾರ ಬೆಳಿಗ್ಗೆ ಸ್ನಾನ ಮಾಡುವಾಗ ಹೊಳೆದ ಪಲ್ಲವಿ ನೌಕರಿಯ ಭಾಗವೇ ಅಂತ ಕೇಳಬೇಡಿ, ವಕೀಲರಿಗೆ ಹಬ್ಬ.

ನಮ್ಮ ಕನ್ನಡ ಸಭೆಗಳ ತಂಡಗಳಿಗೂ ಇದರಲ್ಲಿ ಎಷ್ಟೋ ಅನ್ವಯಿಸುತ್ತದೆ. ಬರೆದವರು ತೀರಿಕೊಂಡು 60 ವರ್ಷ ಕಳೆದ ಕೀರ್ತನೆಗಳು ಎಲ್ಲರ ಸೊತ್ತು. ಬಾಸೆಲ್ ಮಿಷನ್ ಕಾಲದ ಹಾಡುಗಳನ್ನು ಹೊಸದಾಗಿ ಕಟ್ಟಿ ಹಾಡಬಹುದು. ಈಚಿನ ಹಾಡನ್ನು ಆರಾಧನೆಯಲ್ಲಿ ಹಾಡಿದರೂ ತೊಂದರೆಯಿಲ್ಲ, ನಿಜವಾದ ಧಾರ್ಮಿಕ ವಿಧಿಗೆ ಕಾನೂನು ವಿನಾಯಿತಿ ಕೊಟ್ಟಿದೆ. ಅದನ್ನೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದರೆ ಅದು ಬೇರೆ ವಿಷಯ. ಸಭೆಯ ಟ್ರಸ್ಟು ಸಿ.ಡಿ. ಮಾರಿದರೆ, ಟಿಕೆಟ್ ಇಟ್ಟರೆ, ಆ ವ್ಯಾಪಾರದ ಲೆಕ್ಕಪುಸ್ತಕ ಬೇರೆಯೇ ಇರಬೇಕು. ದುಬೈಯಿಂದ ಕರೆ ಬಂದಾಗ ಕೊಟ್ಟದ್ದು ಹಾಡಿದ್ದಕ್ಕೆ ಸಂಭಾವನೆಯೋ, ಸಭೆಗೆ ಕಾಣಿಕೆಯೋ ಅನ್ನುವುದನ್ನು ಮೊದಲೇ ಕಾಗದದಲ್ಲಿ ಬರೆದಿಡಬೇಕು. ಕೊಟ್ಟವರು ವಿದೇಶಿಯರಾಗಿದ್ದು, ಅದು ದೇಣಿಗೆಯಾಗಿದ್ದರೆ ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಸಭೆ ಮುಟ್ಟುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದೇ ಸಾಲಿನದು. ತಂಡದ ಯೂಟ್ಯೂಬ್ ಚಾನೆಲ್ ಯಾರ ಜಿಮೇಲ್‌ನಲ್ಲಿದೆ? ಬಹುಪಾಲು ಕಡೆ ಕೀಬೋರ್ಡ್ ಹುಡುಗನ ಜಿಮೇಲ್‌ನಲ್ಲಿ ಇರುತ್ತದೆ. ಅವನಿಗೆ ಕೆನಡಾ ವೀಸಾ ಬಂದ ದಿನ ಹಿರಿಯರಿಗೆ ನೆನಪಾಗುತ್ತದೆ.

ಬೈಬಲ್ ವಾಕ್ಯದ ಆಧಾರ ಕೊಡಿ ಅನ್ನುವವರಿಗೆ ಮತ್ತಾಯನ ಸುವಾರ್ತೆ 10ನೇ ಅಧ್ಯಾಯ ಸಿದ್ಧವಾಗಿದೆ. 8ನೇ ವಚನದಲ್ಲಿ ಉಚಿತವಾಗಿ ಪಡೆದದ್ದನ್ನು ಉಚಿತವಾಗಿ ಕೊಡಿ ಅಂತಿದೆ. 10ನೇ ವಚನದಲ್ಲಿ ಕೆಲಸ ಮಾಡುವವನು ತನ್ನ ಆಹಾರಕ್ಕೆ ಯೋಗ್ಯ ಅಂತಿದೆ. ಖಜಾಂಚಿಗೆ 8 ಬಾಯಿಪಾಠ, ಗಿಟಾರಿಸ್ಟಿಗೆ 10. ನನಗೆ ಇವೆರಡಕ್ಕಿಂತ ಕೆಲಸಕ್ಕೆ ಬರುವುದು ಪೌಲ ಮಾಡಿದ್ದು. ಯೆರೂಸಲೇಮಿನ ಬಡವರಿಗೆ ದುಡ್ಡು ಕೂಡಿಸಿದಾಗ ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಕಳಿಸಿದ. ಎರಡನೇ ಕೊರಿಂಥ 8ರಲ್ಲಿದೆ. ಸಭೆಯ ಉಸ್ತುವಾರಿ ಅಂದರೆ ನನಗೆ ಇಷ್ಟು ಸಾಕು. ಯಾವ ರಾಗ, ಯಾವ ಬಟ್ಟೆ ಅಂತ ಹೇಳುವ ಹತ್ತು ಹಿರಿಯರು ಸಿಗುತ್ತಾರೆ. ದುಡ್ಡು ಎಣಿಸುವಾಗ ಪಕ್ಕದಲ್ಲಿ ಕೂರುವ, ಹಾಡುವ ಹುಡುಗಿ ಮೂರು ವಾರದಿಂದ ರಜೆ ತೆಗೆದುಕೊಂಡಿಲ್ಲ ಅಂತ ಗಮನಿಸುವ ಇಬ್ಬರು ಸಿಗುವುದು ಕಷ್ಟ.

ನಾನು ಹಾಡುತ್ತಿದ್ದ ಕ್ವಾಯರ್‌ನಲ್ಲಿ ಒಂದು ಕ್ರಿಸ್‌ಮಸ್ ಹೊತ್ತಿಗೆ ಪಕ್ಕದೂರಿನ ಸಭೆಯವರು ಕರೆದಿದ್ದರು. ಹಾಡಿ ಮುಗಿಸಿ ವ್ಯಾನ್ ಹತ್ತುವಾಗ ಅಲ್ಲಿನ ಹಿರಿಯರೊಬ್ಬರು ಕವರ್ ಕೊಟ್ಟು 'ಪ್ರೀತಿಯ ಕಾಣಿಕೆ, ಇಟ್ಕೊಳ್ಳಿ' ಅಂದರು. ಯಾರಿಗೆ ಅಂತ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ದಾರಿಯಲ್ಲಿ ಟೀ ಕುಡಿಯಲು ನಿಂತಾಗ ನಮ್ಮ ಲೀಡರ್ ಅಕ್ಕ ಕವರಿನ ಹಿಂಭಾಗದಲ್ಲಿ ಪೆನ್ನಿನಲ್ಲಿ ಬರೆದರು: ವ್ಯಾನ್ 3,500. ಕೀಬೋರ್ಡ್ ಬಾಡಿಗೆ 1,200. ಟೀ, ಬನ್ನು 340. ಅದರ ಕೆಳಗೆ 'ಉಳಿದದ್ದು' ಅಂತ ಬರೆದು ಒಂದು ಗೆರೆ ಎಳೆದರು. ಆಮೇಲೆ ಪೆನ್ನು ಮೇಲೆತ್ತಿ ನಮ್ಮ ಕಡೆ ನೋಡಿದರು. ಯಾರೂ ಮಾತಾಡಲಿಲ್ಲ. ಡ್ರಮ್ ಬಾರಿಸುವ ಹುಡುಗ ಇನ್ನೊಂದು ಬನ್ನು ತಗೊಂಡ. ಪೊಂಗಲ್ ಕಳೆದರೂ ಆ ಕವರ್ ಅವರ ಬೈಬಲ್ಲಿನೊಳಗೇ ಇತ್ತು, ಗೆರೆಯ ಮುಂದೆ ಏನೂ ಬರೆಯದೆ.